ಹನ್ನೆರಡು ತಿಂಗಳ ಕಾನೂನು, ನಾಲ್ಕು ವರ್ಷದ ಕೋರ್ಸು

ನಮ್ಮ ಹಾಸ್ಟೆಲ್ ಹಿಂದಿನ ಶೆಡ್ಡಿನಲ್ಲಿ ಒಂದು ಬೈಕ್ ಇದೆ. ನಂಬರ್ ಪ್ಲೇಟು ಕೆಎ 19, ಮಂಗಳೂರಿನದು. ಹಿಂದಿನ ಮಡ್‌ಗಾರ್ಡಿನ ಮೇಲೆ ಮಾತ್ರ ಕಾಸರಗೋಡಿನ ಶೋರೂಮಿನ ಸ್ಟಿಕ್ಕರ್ ಇನ್ನೂ ಅರ್ಧ ಉಳಿದಿದೆ. ಕೆಎಲ್ 14 ಆಗಿ ಹುಟ್ಟಿದ ಗಾಡಿ ಅದು. ಈಗ ಅದರ ಯಜಮಾನನಿಗೆ, ಅಂದರೆ ನಮ್ಮ ಫೈನಲ್ ಇಯರ್ ಗೆಳೆಯನಿಗೆ, ಅದನ್ನು ಮನೆಗೆ ತಗೊಂಡು ಹೋಗಬೇಕು. ಮಂಗಳೂರಿನಿಂದ ಕಾಸರಗೋಡಿಗೆ ಸುಮಾರು 50 ಕಿಲೋಮೀಟರ್. ಪೆಟ್ರೋಲ್ ಹಾಕಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆ. ಆದರೆ ಗಾಡಿ ಕಾಗದದಲ್ಲೂ ಮನೆ ಸೇರಬೇಕಲ್ಲ, ಅದಕ್ಕೆ ಇಡೀ ಸೆಮಿಸ್ಟರ್ ಸಾಲುವ ಹಾಗೆ ಕಾಣೋದಿಲ್ಲ.

ಕತೆ ಮೊದಲಿಂದ ಹೇಳ್ತೇವೆ, ಯಾಕಂದ್ರೆ ಇದು ಅವನೊಬ್ಬನದಲ್ಲ.

ಅವನ ಮನೆಮಾತು ಕನ್ನಡ. ಓದಿದ್ದು ಕನ್ನಡ ಮೀಡಿಯಂ. ಫಸ್ಟ್ ಇಯರಲ್ಲಿ ಅಪ್ಪನ ಬೈಕ್ ತಂದ. ಕ್ಯಾಂಪಸ್ಸಿನಿಂದ ಹೊರಗೆ ಹೋದಾಗೆಲ್ಲ ತಪಾಸಣೆಯಲ್ಲಿ ಅವನ ಗಾಡಿಯೇ ಪಕ್ಕಕ್ಕೆ. "ಕೇರಳದವನಾ? ಕನ್ನಡ ಒಳ್ಳೆ ಮಾತಾಡ್ತೀಯಲ್ಲ ಮಾರಾಯ!" ಅಂತ ಒಬ್ಬರು ಮೆಚ್ಚಿಕೊಂಡಿದ್ದೂ ಉಂಟು. ನಾವು ಅವತ್ತು ತುಂಬಾ ನಕ್ಕಿದ್ದೆವು. ಅವನು ನಕ್ಕಿರಲಿಲ್ಲ ಅನ್ನೋದು ಈಗ ನೆನಪಾಗುತ್ತದೆ.

ಕಾನೂನು ಏನನ್ನುತ್ತದೆ ಅಂತ ಹುಡುಕಿದ್ದು ಆಮೇಲೆ. 1988ರ ಮೋಟಾರು ವಾಹನ ಕಾಯ್ದೆಯ 46ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿ ಇಡೀ ಭಾರತದಲ್ಲಿ ಓಡಬಹುದು. ಖುಷಿಪಡೋದರೊಳಗೆ 47 ಬರುತ್ತದೆ: ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು. ನಮ್ಮ ರಾಜ್ಯ 2014ರಲ್ಲಿ ಇನ್ನೂ ಅವಸರ ಮಾಡಿ, 30 ದಿನ ದಾಟಿದರೇ ಜೀವಾವಧಿ ತೆರಿಗೆ ಕಟ್ಟಿ ಅಂತ ತಿದ್ದುಪಡಿ ತಂದಿತ್ತು. 2016ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ಈಗ ಲೆಕ್ಕ 12 ತಿಂಗಳು. ನಮ್ಮ ಕೋರ್ಸು 48 ತಿಂಗಳು.

ಅವನು ಪ್ರತಿ ಶನಿವಾರ ತಲಪಾಡಿ ದಾಟಿ ಮನೆಗೆ ಹೋಗುತ್ತಿದ್ದ. ಹಾಗಾದರೆ ಗಾಡಿ ಇಲ್ಲಿ 12 ತಿಂಗಳು ‘ಇಟ್ಟುಕೊಂಡ’ ಹಾಗಾಯ್ತಾ? ವಾದ ಮಾಡಬಹುದಿತ್ತು, ಸಾಕ್ಷಿ ಎಲ್ಲಿಂದ ತರೋದು? ಕಾರಾಗಿದ್ದರೆ ಫಾಸ್ಟ್ಯಾಗ್ ದಾಖಲೆ ತೋರಿಸಬಹುದು. ಹೆದ್ದಾರಿಯಲ್ಲಿ ಬೈಕಿಗೆ ಟೋಲೇ ಇಲ್ಲ, ರಸೀದಿಯೂ ಇಲ್ಲ. ಕೊನೆಗೆ ಸೆಕೆಂಡ್ ಇಯರಲ್ಲಿ, ನಮ್ಮಲ್ಲಿ ಯಾರೂ ಮಾಡದ ಕೆಲಸ ಅವನು ಮಾಡಿದ. ಕಾನೂನು ಪಾಲಿಸಿದ.

ಅಲ್ಲಿಂದ ಶುರು. ಫಾರ್ಮ್ 28 ತುಂಬಿ ಊರಿನ ಆರ್‌ಟಿಒದಿಂದ ಎನ್‌ಒಸಿ. ಅದಕ್ಕೆ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು (ಕೋಡಿಂಗ್ ಬರುವ ನಾಲ್ಕು ಜನ ಸೇರಿ ಮೂರು ಪೆನ್ಸಿಲ್ ಮುರಿದೆವು, ಕೊನೆಗೆ ಗ್ಯಾರೇಜಿನ ಹುಡುಗ ಅರ್ಧ ನಿಮಿಷದಲ್ಲಿ ಮಾಡಿಕೊಟ್ಟ). ಗಾಡಿ ಮೇಲೆ ಕಳವಿನ ಕೇಸಿಲ್ಲ ಅಂತ ಪೊಲೀಸರ ವರದಿ, ತೆರಿಗೆ ಬಾಕಿ ಇಲ್ಲ ಅಂತ ಖಾತ್ರಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್. ಇವೆಲ್ಲ ಹೇಗೋ ಆಯ್ತು. ಸಿಕ್ಕಿಬಿದ್ದದ್ದು ವಿಳಾಸದಲ್ಲಿ. ಆರ್‌ಸಿ ಇರುವುದು ಅಪ್ಪನ ಹೆಸರಲ್ಲಿ. ಅಪ್ಪ ಇರುವುದು ಕೇರಳದಲ್ಲಿ, ಅಡಿಕೆ ತೋಟದಲ್ಲಿ. ಕರ್ನಾಟಕದ ನಂಬರ್ ಬೇಕಾದರೆ ಮಾಲೀಕರಿಗೆ ಕರ್ನಾಟಕದ ವಿಳಾಸ ಬೇಕು. ಮಗ ಓದುತ್ತಾನೆ ಅಂತ ಅಪ್ಪನಿಗೆ ಹಾಸ್ಟೆಲ್ ರೂಮು ಕೊಡೋದಿಲ್ಲವಲ್ಲ! ಹಾಗಾಗಿ ಫಾರ್ಮ್ 29, 30 ಹಾಕಿ ಗಾಡಿಯನ್ನು ಮಗನ ಹೆಸರಿಗೆ ಮಾಡಿ, ಕಾಲೇಜಿನ ಬೊನಾಫೈಡ್ ಕೊಟ್ಟು, ಗಾಡಿಯನ್ನು ಇನ್ಸ್‌ಪೆಕ್ಟರರ ಮುಂದೆ ನಿಲ್ಲಿಸಿ, ಇಲ್ಲಿನ ಜೀವಾವಧಿ ತೆರಿಗೆ ಕಟ್ಟಿದ. ಅಪ್ಪ ಕೊಯ್ಲಿನ ದಿನಗಳಲ್ಲಿ ಮೂರು ಸಲ ಕೆಲಸ ಬಿಟ್ಟು ಸಹಿ ಹಾಕಲು ಬಂದರು. ಇವನಿಗೆ ಅಟೆಂಡೆನ್ಸ್ ಶಾರ್ಟೇಜ್ ಬಂತು. ಮೊದಲು ಕೇರಳದಲ್ಲಿ ಕಟ್ಟಿದ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಅಲ್ಲಿಂದ ವಾಪಸ್ ಕೇಳಬಹುದು, ಅದಕ್ಕೆ ಬೇರೆ ಅರ್ಜಿ.

ಈಗ ಕೋರ್ಸು ಮುಗೀತಾ ಇದೆ. ಅದೇ ಸಿನಿಮಾ ರಿವರ್ಸಿನಲ್ಲಿ. ತನ್ನೂರಿನಲ್ಲೇ ಹೊರರಾಜ್ಯದ ಗಾಡಿ ಅನ್ನಿಸಿಕೊಂಡಿರುವ ಬೈಕಿಗೆ ಇಲ್ಲಿಂದ ಎನ್‌ಒಸಿ, ಅಲ್ಲಿ ಮತ್ತೆ ಅರ್ಜಿ, ಮತ್ತೆ ತಪಾಸಣೆ, ಮತ್ತೆ ತೆರಿಗೆ, ಮತ್ತೆ ಪ್ಲೇಟು, ಮತ್ತೆ ಇಲ್ಲಿನ ತೆರಿಗೆಯ ರೀಫಂಡಿಗೆ ಓಡಾಟ. ಏನೂ ಮಾಡದೆ ಕೆಎಲ್ 14ರಲ್ಲೇ ನಾಲ್ಕು ವರ್ಷ ತಿರುಗಾಡಿದ್ದರೆ ಇಷ್ಟು ಕಷ್ಟ ಇರಲಿಲ್ಲ. ಇದನ್ನು ಜೂನಿಯರ್‌ಗಳು ನೋಡುತ್ತಿದ್ದಾರೆ, ಪಾಠವನ್ನೂ ಕಲಿಯುತ್ತಿದ್ದಾರೆ. ನಮಗೆ ಬೇಜಾರು ಇರೋದು ಮುಖ್ಯವಾಗಿ ಇದಕ್ಕೇ.

ನಿಯಮ ಸುಮ್ಮನೆ ಬಂದದ್ದಲ್ಲ, ಒಪ್ತೇವೆ. ತೆರಿಗೆ ಕಡಿಮೆ ಇರುವ ಕಡೆ ಸುಳ್ಳು ವಿಳಾಸ ಕೊಟ್ಟು ಐಷಾರಾಮಿ ಕಾರು ನೋಂದಾಯಿಸಿ, ಇನ್ನೊಂದು ರಾಜ್ಯದ ರಸ್ತೆಯಲ್ಲಿ ಓಡಿಸೋರು ಇದ್ದಾರೆ. ಪುದುಚೇರಿ ನಂಬರಿನ ಕಾರುಗಳ ವಿಷಯ 2017ರಲ್ಲಿ ಕೇರಳದಲ್ಲೇ ದೊಡ್ಡ ಸುದ್ದಿಯಾಗಿತ್ತು. ರಸ್ತೆ ನಮ್ಮದು, ತೆರಿಗೆ ಬೇರೆಯವರಿಗೆ ಅಂದರೆ ಯಾವ ಸರ್ಕಾರ ಸುಮ್ಮನಿರುತ್ತದೆ? ಆದರೆ ಅಂಥವರನ್ನು ಹಿಡಿಯಲು ಹಾಕಿದ ಬಲೆಯಲ್ಲಿ ಸಿಗುತ್ತಿರುವುದು ಅಪ್ಪನ ಹಳೇ ಬೈಕು ತಂದ ವಿದ್ಯಾರ್ಥಿ. ಅವನು ಯಾವಾಗ ಬಂದ, ಯಾವಾಗ ಹೋಗ್ತಾನೆ ಅನ್ನೋದು ಯುಎಸ್‌ಎನ್ ಸಮೇತ ದಾಖಲೆಯಲ್ಲಿದೆ. ಅವನು ವಲಸೆ ಬಂದವನಲ್ಲ, ತೆರಿಗೆ ತಪ್ಪಿಸಲು ಬಂದವನೂ ಅಲ್ಲ.

ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ, ಇದೆ. 2021ರ ಸೆಪ್ಟೆಂಬರಿನಿಂದ ಬಿಎಚ್ ಸರಣಿಯ ನಂಬರ್ ಬಂದಿದೆ. ರಾಜ್ಯ ಬದಲಾದರೆ ನಂಬರ್ ಬದಲಿಸಬೇಕಾಗಿಲ್ಲ, ತೆರಿಗೆಯನ್ನು ಎರಡೆರಡು ವರ್ಷದ ಲೆಕ್ಕದಲ್ಲಿ ಕಟ್ಟಿದರೆ ಆಯ್ತು. ಯಾರಿಗೆ ಸಿಗುತ್ತೆ? ಸೈನ್ಯದವರಿಗೆ, ಸರ್ಕಾರಿ ನೌಕರರಿಗೆ, ಸಾರ್ವಜನಿಕ ಉದ್ದಿಮೆಗಳವರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯವರಿಗೆ. ಅಂದರೆ ಪ್ಲೇಸ್‌ಮೆಂಟ್ ಆದ ಮರುದಿನ ನಮಗೂ ಅರ್ಹತೆ ಬರಬಹುದು, ಅದಕ್ಕೆ ಮೊದಲಿನ ನಾಲ್ಕು ವರ್ಷ ಇಲ್ಲ. ವಿದ್ಯಾರ್ಥಿಗೆ ಆ ಸೌಲಭ್ಯ ಯಾಕಿಲ್ಲ ಅನ್ನೋದಕ್ಕೆ ಒಂದೂ ಒಳ್ಳೆ ಕಾರಣ ನಮಗೆ ಹೊಳೆದಿಲ್ಲ. ಹೊಸ ಸರಣಿ ಬೇಡ ಅಂದರೂ ಸರಿ. ಕೋರ್ಸಿನ ಅವಧಿಗೆ ಊರಿನ ನಂಬರೇ ನಡೆಯಲಿ, ರಸ್ತೆ ಬಳಸಿದ್ದಕ್ಕೆ ವರ್ಷಕ್ಕಿಷ್ಟು ಅಂತ ಇಲ್ಲಿ ತೆರಿಗೆ ತಗೊಳ್ಳಲಿ, ಕೊಡ್ತೇವೆ.

ತಮಾಷೆ ಗೊತ್ತಾ? 2022ರ ಕೇಂದ್ರದ ನಿಯಮಗಳ ಪ್ರಕಾರ, ಬೇರೆ ದೇಶದಲ್ಲಿ ನೋಂದಣಿಯಾದ ಖಾಸಗಿ ಕಾರು ಭಾರತಕ್ಕೆ ಬಂದು ಓಡಾಡುವಾಗ ಇಟ್ಟುಕೊಳ್ಳಬೇಕಾದ್ದು ನೋಂದಣಿ ಪತ್ರ, ಲೈಸೆನ್ಸ್, ಇನ್ಶೂರೆನ್ಸ್, ಮತ್ತು ಅಗತ್ಯವಿದ್ದರೆ ಹೊಗೆ ಸರ್ಟಿಫಿಕೇಟ್. ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ದೃಢೀಕರಿಸಿದ ಅನುವಾದ. ಅದು ನಾಲ್ಕು ದಿನ ಇದ್ದು ಹೋಗುವ ಅತಿಥಿ, ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು. ಕಸ್ಟಮ್ಸಿನ ಕಾಗದಪತ್ರ ಬೇರೆಯೇ ಇರುತ್ತದೆ. ಆದರೂ ಓದಿದಾಗ ಹೊಟ್ಟೆ ಉರಿಯಿತು.

ಇನ್ನೊಂದು ವಿಷಯ, ಇದು ಗಾಡಿ ತಗೊಂಡು ಹೊರಡುವವರ ಕೆಲಸಕ್ಕೆ ಬರುತ್ತೆ. 48ನೇ ಸೆಕ್ಷನ್ ಓದಿ. ಎನ್‌ಒಸಿ ಅರ್ಜಿಗೆ ಕಚೇರಿ ರಸೀದಿ ಕೊಡಬೇಕು, 30 ದಿನದೊಳಗೆ ಕೊಟ್ಟೆ ಅಥವಾ ಕೊಡೋದಿಲ್ಲ ಅಂತ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಕೊಟ್ಟ ಹಾಗೇ ಲೆಕ್ಕ. ಇಷ್ಟು ಚೆನ್ನಾಗಿ ಬರೆದಿದ್ದಾರೆ! ಆದರೆ ಆ ರಸೀದಿ ಹಿಡಿದು ಗಡಿಯಾಚೆಯ ಕೌಂಟರಿಗೆ ಹೋಗಿ "30 ದಿನ ಆಯ್ತು, ಸಿಕ್ಕ ಹಾಗೇ" ಅಂದರೆ, "ಒರಿಜಿನಲ್ ಎನ್‌ಒಸಿ ತನ್ನಿ" ಅಂತಾರೆ. ಎರಡೂ ಕಚೇರಿಯವರು ನೋಡುವುದು ಒಂದೇ ‘ವಾಹನ್’ ಡೇಟಾಬೇಸನ್ನು. ಇಲ್ಲಿಯ ಸ್ಕ್ರೀನಿನಲ್ಲಿರುವ ಚಾಸಿ ನಂಬರನ್ನೇ ಪೆನ್ಸಿಲಿನಲ್ಲಿ ಉಜ್ಜಿ, ಕಾಗದದಲ್ಲಿ ಹೊತ್ತು, ಅಲ್ಲಿಯ ಸ್ಕ್ರೀನಿನ ಮುಂದೆ ಇಡಬೇಕು. ಡಿಬಿಎಂಎಸ್ ಪರೀಕ್ಷೆಯಲ್ಲಿ ನಾವು ಇಂಥ ಡಿಸೈನ್ ಬರೆದಿದ್ದರೆ ಮೇಷ್ಟ್ರು ಪಾಸ್ ಮಾಡುತ್ತಿರಲಿಲ್ಲ.

ಅವನ ಅರ್ಜಿ ಹಾಕಿ ಇವತ್ತಿಗೆ 22 ದಿನ. ಹೊರರಾಜ್ಯದ ಗಾಡಿ ಇರುವವರ ಸಹಿ ಸೇರಿಸಿ ಸಾರಿಗೆ ಆಯುಕ್ತರಿಗೆ ಒಂದು ಮನವಿ ಬರೀತಾ ಇದ್ದೇವೆ, ಬೊನಾಫೈಡ್ ಇರುವಷ್ಟು ದಿನ ಊರಿನ ನಂಬರಿಗೆ ಅವಕಾಶ ಕೊಡಿ ಅಂತ. ಸಂಘದ ರೂಮು ಸಂಜೆ ಐದರ ಮೇಲೆ ತೆರೆದಿರುತ್ತದೆ. ಬರುವಾಗ ಆರ್‌ಸಿ ಜೆರಾಕ್ಸ್ ತನ್ನಿ. ಒಂದು ಸಾಕು, ನಾವು ಮೂರು ಪ್ರತಿ ಕೇಳೋದಿಲ್ಲ.