ಆಯಿಯ ಆರ್ಕಿಡ್‌ಗೆ ಕಾರವಾರ ಒಗ್ಗುತ್ತಾ?

ಅಪ್ಪ ಹೋದ ಮೇಲೆ ಆಯಿಯನ್ನು ಅಂಕೋಲೆಯಿಂದ ಕಾರವಾರದ ನಮ್ಮ ಬಾಡಿಗೆ ಫ್ಲ್ಯಾಟಿಗೆ ಕರಕೊಂಡು ಬಂದೆ. ಎರಡು ಚೀಲ ಬಟ್ಟೆ, ಒಂದು ಭರಣಿ ಮಿಡಿ ಉಪ್ಪಿನಕಾಯಿ, ಮತ್ತೆ ದಾರಿಯುದ್ದಕ್ಕೂ ತೊಡೆ ಮೇಲೇ ಇಟ್ಟುಕೊಂಡು ಬಂದ ಒಂದು ಆರ್ಕಿಡ್ ಕುಂಡ. ನೇರಳೆ ಬಣ್ಣದ ಡೆಂಡ್ರೋಬಿಯಂ. ಅಂಕೋಲೆಯ ಅಂಗಳದಲ್ಲಿ ಅದು ವರ್ಷಕ್ಕೆ ಎರಡು ಸಲ ಹೂ ಬಿಡುತ್ತಿತ್ತು.

ಇಲ್ಲಿ ಒಂದೂವರೆ ವರ್ಷವಾದರೂ ಒಂದು ಮೊಗ್ಗಿಲ್ಲ.

‘ಅದಕ್ಕೆ ಈ ಊರು ಒಗ್ಗಲಿಲ್ಲ ಮಗಾ. ಅಂಕೋಲೆಗೆ ಬಿಟ್ಟು ಬಾ’ ಅಂದಳು ಆಯಿ. ಅವಳು ಹೇಳಿದ್ದು ಬರೀ ಗಿಡದ ವಿಷಯ ಅಲ್ಲ ಅಂತ ಗೊತ್ತಾಯಿತು. ಬಿಪಿ ಮಾತ್ರೆ ಮರೆಯುವವಳನ್ನು ಆ ದೊಡ್ಡ ಮನೆಯಲ್ಲಿ ಒಬ್ಬಳೇ ಬಿಡೋದು ಹೇಗೆ? ಹಾಗಾಗಿ ಈ ಗಿಡ ಹೂ ಬಿಡಲೇಬೇಕಿತ್ತು.

ಫೋನ್ ಹಿಡಿದುಕೊಂಡೆ. ಅಕ್ಕಿ ತೊಳೆದ ನೀರು, ಬಾಳೆಸಿಪ್ಪೆ ನೆನೆಸಿದ ನೀರು, ಐಸ್ ಕ್ಯೂಬ್, ಯಾವುದನ್ನೂ ಬಿಡಲಿಲ್ಲ. ವಾರ ವಾರ 19:19:19 ಗೊಬ್ಬರ. ಎಲೆಗಳು ಕಡು ಹಸಿರಾಗಿ ಮಿಂಚಿದವು. ಗೆಣ್ಣುಗಳಲ್ಲಿ ಹೂವಿನ ಬದಲು ಬೇರು ಬಿಟ್ಟ ಪುಟ್ಟ ಮರಿಗಳು ಬಂದವು. ನಾನು ಖುಷಿಪಟ್ಟು ಫೋಟೋ ತೆಗೆದು ಸ್ಟೇಟಸ್ ಹಾಕಿದೆ!

ಆಮೇಲೆ ಕೂತು ಯೋಚಿಸಿದೆ. ಅಂಕೋಲೆಗೂ ಕಾರವಾರಕ್ಕೂ ಮೂವತ್ತು ಚಿಲ್ಲರೆ ಕಿಲೋಮೀಟರ್. ಅದೇ ಸಮುದ್ರ, ಅದೇ ಮಳೆ, ಅದೇ ಸೆಕೆ. ಊರು ಒಗ್ಗದೇ ಇರೋಕೆ ಕಾರಣವೇ ಇಲ್ಲ. ಬದಲಾಗಿದ್ದು ಬೆಳಕು ಮಾತ್ರ. ಅಲ್ಲಿ ಮಾವಿನ ಮರದ ಎಲೆಗಳ ನಡುವಿಂದ ದಿನವಿಡೀ ಬಿಸಿಲು ಸೋಸಿ ಬರುತ್ತಿತ್ತು. ಇಲ್ಲಿ ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿ, ಎದುರಿಗೆ ಇನ್ನೊಂದು ಕಟ್ಟಡ. ಡೆಂಡ್ರೋಬಿಯಂನ ಎಲೆ ಕಡು ಹಸಿರಾದರೆ ಆರೋಗ್ಯ ಅಂತಲ್ಲ, ಬೆಳಕು ಸಾಲುತ್ತಿಲ್ಲ ಅಂತ. ತಿಳಿ ಹಸಿರಿದ್ದರೆ ಸರಿ. ಮೇಲಿಂದ ನಾನು ಸಾರಜನಕ ಸುರಿದು ಎಲೆ, ಮರಿಗಳನ್ನೇ ಬೆಳೆಸುತ್ತಿದ್ದೆ.

ನಿಮ್ಮ ಬಾಲ್ಕನಿಯನ್ನೂ ಪರೀಕ್ಷೆ ಮಾಡಿ ನೋಡಿ. ಮಧ್ಯಾಹ್ನ ಗಿಡದಿಂದ ಒಂದಡಿ ಮೇಲೆ ಕೈ ಹಿಡಿಯಿರಿ. ನೆರಳೇ ಬೀಳದಿದ್ದರೆ ಬೆಳಕು ಕಡಿಮೆ. ಅಂಚು ಸ್ಪಷ್ಟವಾಗಿ ಕಪ್ಪು ನೆರಳು ಬಿದ್ದರೆ ಎಲೆ ಸುಡುವಷ್ಟು ಬಿಸಿಲು. ಮಸುಕು ನೆರಳು ಬಿದ್ದರೆ ಜಾಗ ಸರಿಯಿದೆ.

ಓನರ್ ಹತ್ತಿರ ಕೇಳಿ ಗಿಡವನ್ನು ಟೆರೇಸಿಗೆ ಸಾಗಿಸಿದೆ. ಒಂದೇ ಸಲಕ್ಕೆ ಅಲ್ಲ, ಎರಡು ವಾರ ಮೆಟ್ಟಿಲ ಬಳಿ ಇಟ್ಟು, ಆಮೇಲೆ ಶೇಡ್‌ನೆಟ್ ಕೆಳಗೆ. ಬೆಳಗ್ಗಿನ ಬಿಸಿಲು ಬೀಳುವ ಮೂಲೆ ಅದು. ನಮ್ಮ ಕಡೆಯ ಮಳೆಗೆ ಕೋಕೋಪೀಟ್ ಪೂರಾ ಕೊಳೆತು ಹೋಗಿತ್ತು. ಅದನ್ನು ತೆಗೆದು ಇದ್ದಿಲು, ಹಂಚಿನ ಚೂರು ತುಂಬಿದೆ. ಮಳೆ ನಿಂತ ಮೇಲೆ ಗೊಬ್ಬರ ಬದಲಿಸಿ 13:0:45, ಲೀಟರಿಗೆ ಒಂದೇ ಗ್ರಾಂ. ಚಳಿ ಶುರುವಾದಾಗ ನೀರು ಕಡಿಮೆ ಮಾಡಿದೆ. ಎಲೆ ಉದುರಿದ ಹಳೇ ಕಾಂಡಗಳನ್ನು ಕತ್ತರಿಸಲು ಹೊರಟಾಗ ಆಯಿ ಕೈ ತಡೆದಳು. ಅವಳು ಹೇಳಿದ್ದೇ ಸರಿ. ಅವುಗಳಿಂದಲೂ ಹೂ ಬರುತ್ತದೆ.

ಬೆಂಗಳೂರಿಂದ ಹೂ ಸಮೇತ ಫೆಲನಾಪ್ಸಿಸ್ ತರುವವರಿಗೆ ಒಂದು ಮಾತು. ಅಂಗಡಿಯ ಹೂ ಎರಡು ಮೂರು ತಿಂಗಳು ಬಾಳುತ್ತದೆ, ಮರುವರ್ಷದ್ದು ಕಷ್ಟ. ಹೂ ಕಡ್ಡಿ ಹೊರಡಬೇಕಾದರೆ ಅದಕ್ಕೆ ಕೆಲವು ವಾರ ತಂಪು ಬೇಕು. ನಮ್ಮ ಕರಾವಳಿಯಲ್ಲಿ ಅಂಥ ತಂಪು ಸಿಗುವುದು ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಅಷ್ಟೇ. ಐಸ್ ಕ್ಯೂಬಿನಿಂದ ಆ ಕೆಲಸ ಆಗಲ್ಲ.

ಋತು ತಿಳಿದುಕೊಳ್ಳುವುದರಲ್ಲಿ ಆರ್ಕಿಡ್‌ಗಳು ನಮಗಿಂತ ಚುರುಕು. ಆಗ್ನೇಯ ಏಷ್ಯಾದಲ್ಲಿ ಪಾರಿವಾಳ ಆರ್ಕಿಡ್ ಅಂತ ಒಂದಿದೆ. ಜೋರು ಮಳೆ ಬಂದು ಗಾಳಿ ದಿಢೀರನೆ ತಣ್ಣಗಾದರೆ, ಸುಮಾರು ಒಂಬತ್ತು ದಿನಕ್ಕೆ ಊರಿನ ಅಷ್ಟೂ ಗಿಡಗಳು ಒಟ್ಟಿಗೇ ಅರಳುತ್ತವಂತೆ. ನಮ್ಮ ಅಂಕೋಲೆ ಮನೆಯ ಹಲಸಿನ ಮರದ ಸೀತಾಳೆ ದಂಡೆಯೂ ಹಾಗೇ, ಮಳೆಗಾಲದ ಹೊತ್ತಿಗೆ ಬಿಳಿ-ಗುಲಾಬಿ ಜಡೆಯಂತೆ ಇಳಿಬೀಳುತ್ತದೆ. ‘ಅದಕ್ಕೆ ಯಾರು ಗೊಬ್ಬರ ಹಾಕ್ತಾರೆ?’ ಅಂತ ಆಯಿ ನನ್ನ ಗೊಬ್ಬರದ ಪ್ಯಾಕೆಟ್ ನೋಡಿ ನಗುತ್ತಾಳೆ. (ಕಾಡಿನದ್ದನ್ನು ಕಿತ್ತು ತರಬೇಡಿ ಮಾರಾಯ್ರೆ. ಅದು ತಪ್ಪು, ಮನೆಯಲ್ಲಿ ಹೆಚ್ಚಿನವು ಬದುಕೋದೂ ಇಲ್ಲ.)

ಫೆಬ್ರವರಿಯ ಒಂದು ಬೆಳಗ್ಗೆ ಆಯಿ ಟೆರೇಸಿನಿಂದಲೇ ಕೂಗಿದಳು. ಹಳೇ ಕಾಂಡದ ತುದಿಯಲ್ಲಿ ಹಸಿರು ಕಡ್ಡಿ, ಅದರ ಮೇಲೆ ಕಾಳಿನಷ್ಟು ಮೊಗ್ಗುಗಳು. ಎಣಿಸಿದಳು, ಹನ್ನೊಂದು. ದಿನಾ ಮೇಲೆ ಹೋಗಿ ಮತ್ತೆ ಎಣಿಸುತ್ತಾಳೆ. ಎದುರು ಮನೆ ಅಕ್ಕನನ್ನೂ ಕರೆದುಕೊಂಡು ಹೋಗುತ್ತಾಳೆ. ಈಗ ಅವರಿಬ್ಬರೂ ಸಂಜೆ ಅಲ್ಲೇ ಕೂರುತ್ತಾರೆ.

ಮೊನ್ನೆ ಊಟಕ್ಕೆ ಕೂತಾಗ ಅವಳೇ ಅಂದಳು: ‘ಮಳೆ ಶುರುವಾದ ಮೇಲೆ ಒಂದಿನ ಅಂಕೋಲೆಗೆ ಹೋಗೋಣ, ಸೀತಾಳೆ ದಂಡೆ ನೋಡ್ಕೊಂಡು ಬರೋಣ. ಸಂಜೆ ಐದರ ಬಸ್ಸಿಗೇ ಬರಬೇಕು ಮತ್ತೆ, ಇದಕ್ಕೆ ನೀರು ಹಾಕೋರು ಯಾರು?’