ಎದೆ ಅಳೆದು ಒಳಗೆ ಕರೆದವರು ಉಬ್ಬಸ ಬಂದಾಗ ‘ನಮ್ಮದಲ್ಲ’ ಅಂದರೆ?

ಸೈನ್ಯದ ಭರ್ತಿಗೆ ಹೋದ ನಮ್ಮ ಹುಡುಗರಿಗೆಲ್ಲ ಇದು ಗೊತ್ತು. ಟೇಪು ಹಿಡಿದು ಎದೆ ಅಳೆಯುತ್ತಾರೆ. ಉಸಿರು ಎಳೆದುಕೊಂಡರೆ ಕನಿಷ್ಠ 5 ಸೆಂಟಿಮೀಟರ್ ಹಿಗ್ಗಬೇಕು, ಹಿಗ್ಗದಿದ್ದರೆ ಮನೆ ದಾರಿ. ಜೊತೆಗೆ 1600 ಮೀಟರ್ ಓಟ. ಆಮೇಲೆ ಡಾಕ್ಟರ ತಪಾಸಣೆ. ಇಷ್ಟೆಲ್ಲ ದಾಟಿದ ಮೇಲೆ ಒಬ್ಬನನ್ನು ತಗೊಂಡರು ಅಂದರೆ ಅವನ ಶ್ವಾಸಕೋಶ ಗಟ್ಟಿ ಇದೆ ಅಂತ ಸರ್ಕಾರವೇ ಸಹಿ ಹಾಕಿದ ಹಾಗೆ.

ಅದೇ ಹುಡುಗ 15–20 ವರ್ಷ ಗಡಿ ಕಾದು ಅಸ್ತಮಾನೋ, ಹಳೇ ಕಫದ ಕಾಯಿಲೆಯೋ, ಕ್ಷಯವೋ ಹೊತ್ತುಕೊಂಡು ಹೊರಬರುತ್ತಾನೆ. ಬಿಡುಗಡೆ ಹೊತ್ತಿನ ಮೆಡಿಕಲ್ ಬೋರ್ಡ್ ಅವನ ಕಾಗದದ ಮೇಲೆ ಒಂದು ಸಾಲು ಬರೆಯುತ್ತದೆ: ಈ ಕಾಯಿಲೆ ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಇಂಗ್ಲಿಷಿನ ನಾಲ್ಕು ಅಕ್ಷರ ಕೂಡಿಸಿ ಸೈನ್ಯದವರು ಇದನ್ನು ‘ನಾನಾ’ ಅಂತಲೇ ಕರೆಯುತ್ತಾರೆ. ಕನ್ನಡದಲ್ಲಿ ಓದಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಇದಕ್ಕೆ ಹೊಣೆ ಯಾರಪ್ಪಾ ಅಂದರೆ ಸರ್ಕಾರ ಹುಬ್ಬೇರಿಸಿ ಕೇಳುತ್ತದೆ, ‘ನಾನಾ?’

ಆ ಒಂದು ಸಾಲಿಗೆ ಅಂಗವೈಕಲ್ಯ ಪಿಂಚಣಿ ಹೋಗುತ್ತದೆ.

ಕಾನೂನು ಹೀಗೆ ಹೇಳುವುದಿಲ್ಲ. 1982ರ ಅರ್ಹತಾ ನಿಯಮಗಳ ಪ್ರಕಾರ, ಸೇರುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿರದಿದ್ದರೆ ಆ ಮನುಷ್ಯ ಆರೋಗ್ಯವಾಗಿಯೇ ಸೇರಿದ ಅಂತ ತಿಳಿಯಬೇಕು. ಆಮೇಲೆ ಕಾಯಿಲೆಯ ಕಾರಣಕ್ಕೆ ಹೊರಬಿದ್ದರೆ ಅದು ಸೇವೆಯಿಂದಲೇ ಆದದ್ದು ಅಂತ ಹಿಡಿಯಬೇಕು. ಅಲ್ಲ ಅನ್ನುವವರು ಕಾರಣ ಕೊಡಬೇಕು. ಅನುಮಾನ ಬಂದರೆ ಲಾಭ ಸೈನಿಕನಿಗೆ. ಧರ್ಮವೀರ್ ಸಿಂಗ್ ಪ್ರಕರಣದಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿತು. ಅದು ಮೂರ್ಛೆರೋಗದ ಕೇಸು, ಆದರೆ ಸೂತ್ರ ಉಬ್ಬಸಕ್ಕೂ ಅದೇ. ಅಷ್ಟೇ ಅಲ್ಲ, ಹವಾಮಾನದಿಂದ ಬಾಧಿಸುವ ಕಾಯಿಲೆಗಳು ಅಂತ ಆ ನಿಯಮಗಳ ಜೊತೆಗೇ ಒಂದು ಪಟ್ಟಿ ಇದೆ. ಅದರಲ್ಲಿ ಶ್ವಾಸಕೋಶದ ಕ್ಷಯ, ಬ್ರಾಂಕೈಟಿಸ್, ನ್ಯುಮೋನಿಯಾ, ಶ್ವಾಸಕೋಶದಲ್ಲಿ ನೀರು ತುಂಬುವ ಎಡಿಮಾ ಎಲ್ಲ ಇವೆ. ಪಟ್ಟಿ ಬರೆದವರೂ ಸರ್ಕಾರವೇ, ಪಟ್ಟಿ ಕಾಣಲಿಲ್ಲ ಅನ್ನುವವರೂ ಸರ್ಕಾರವೇ.

ಅಲ್ಲಿ ಉಸಿರಾಡುವುದು ಅಂದರೆ ಏನು ಅಂತ ಸ್ವಲ್ಪ ನೋಡಿ. 1984ರ ಏಪ್ರಿಲ್‌ನಿಂದ ನಮ್ಮ ಸೈನ್ಯ ಸಿಯಾಚಿನ್ ಮೇಲಿದೆ. ಅಲ್ಲಿ 18 ಸಾವಿರ ಅಡಿಗೂ ಮೇಲೆ ಠಾಣೆಗಳಿವೆ. ಆ ಎತ್ತರದಲ್ಲಿ ಒಂದು ಉಸಿರಿಗೆ ನಮ್ಮೂರಲ್ಲಿ ಸಿಗುವ ಆಮ್ಲಜನಕದ ಅರ್ಧದಷ್ಟೂ ಕಷ್ಟ. ಎಂಥ ಗಟ್ಟಿಗನಿಗೂ ಶ್ವಾಸಕೋಶದಲ್ಲಿ ನೀರು ತುಂಬಬಹುದು, ತಕ್ಷಣ ಕೆಳಗೆ ಇಳಿಸದಿದ್ದರೆ ಜೀವ ಹೋಗುತ್ತದೆ. ಹೊರಗೆ ಮೂಳೆ ಕೊರೆಯುವ ಚಳಿ. ಒಳಗೆ ಮುಚ್ಚಿದ ಗುಡಿಸಲಲ್ಲಿ ಸೀಮೆಎಣ್ಣೆಯ ಒಲೆ, ಬುಖಾರಿ. ಅಡುಗೆಗೂ ಅದೇ, ಹಿಮ ಕರಗಿಸಿ ನೀರು ಮಾಡಲಿಕ್ಕೂ ಅದೇ, ಮೈ ಕಾಯಿಸಲಿಕ್ಕೂ ಅದೇ. ಆ ಮಸಿ ಹೋಗುವುದು ಎಲ್ಲಿಗೆ? ಸೌದೆ ಒಲೆ ಊದಿ ಊದಿ ಕೆಮ್ಮು ಹತ್ತಿಸಿಕೊಂಡ ನಮ್ಮ ಅಜ್ಜಿಯರನ್ನು ಕೇಳಿದರೆ ಹೇಳುತ್ತಾರೆ, ಮೆಡಿಕಲ್ ಬೋರ್ಡೇ ಬೇಕಿಲ್ಲ. ರಾಜಸ್ಥಾನದ ಮರಳುಗಾಳಿಯಲ್ಲಿ ಟ್ಯಾಂಕು ಓಡಿಸಿದವರ ಕಥೆ ಬೇರೆಯೇ ಇದೆ.

2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಕುಸಿತದಡಿ ಆರು ದಿನ ಹೂತಿದ್ದು ಜೀವಂತ ಸಿಕ್ಕ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನವರು. ಅವರು ಉಳಿಯಲಿ ಅಂತ ಇಡೀ ನಾಡು ಹರಕೆ ಹೊತ್ತಿತು. ಅವರು ಫೆಬ್ರವರಿ 11ರಂದು ತೀರಿಕೊಂಡರು. ಅವರಿಗೆ ಸಲ್ಲಿಸಿದ ಗೌರವ ಸರಿಯಾದದ್ದೇ. ಆದರೆ ಅದೇ ಹಿಮದಿಂದ ಬದುಕಿ ಬಂದು, ಹತ್ತು ಮೆಟ್ಟಿಲು ಹತ್ತಲಾರದೆ ಜಗಲಿ ಮೇಲೆ ಇನ್‌ಹೇಲರ್ ಹಿಡಿದು ಕೂತವರಿಗೆ ಮೆರವಣಿಗೆ ಬೇಡ, ಸಲ್ಲಬೇಕಾದ ಹಣ ಕೊಡಿ ಅಂತ ನಾವು ಕೇಳುತ್ತಿದ್ದೇವೆ.

‘ಬೀಡಿ ಸೇದುತ್ತಿದ್ದನಲ್ಲ’ ಅನ್ನುವ ಮಾತು ಬರುತ್ತದೆ. ಬರಲಿ. ಕೆಲವರು ಸೇದಿರುತ್ತಾರೆ, ಅದರಿಂದ ಶ್ವಾಸಕೋಶ ಹಾಳಾಗುತ್ತದೆ, ಇಲ್ಲ ಅನ್ನುವುದಿಲ್ಲ. ಹಾಗಾದರೆ ಬೋರ್ಡು ಅದನ್ನೇ ಬರೆಯಲಿ: ಎಷ್ಟು ಸೇದಿದ, ಎಷ್ಟು ವರ್ಷ ಎತ್ತರದಲ್ಲಿದ್ದ, ಯಾವುದರಿಂದ ಎಷ್ಟು. ಒಂದೂ ಕಾರಣ ಬರೆಯದೆ ಅಚ್ಚಿನ ಸಾಲು ಒತ್ತುವುದು ವೈದ್ಯಕೀಯವಲ್ಲ, ಗುಮಾಸ್ತಿಕೆ. ‘ಶಾಂತಿ ಪ್ರದೇಶದಲ್ಲಿದ್ದಾಗ ಕಾಣಿಸಿತು’ ಅನ್ನುವುದು ಇನ್ನೊಂದು ನೆಪ. ಉಬ್ಬಸ ಪೋಸ್ಟಿಂಗ್ ಆರ್ಡರ್ ನೋಡಿ ಬರುವುದಿಲ್ಲ.

ಪತ್ರ ಬಂದ ಮೇಲೆ ಮೊದಲ ಮೇಲ್ಮನವಿಗೆ ಆರು ತಿಂಗಳು. ಅದೂ ತಿರಸ್ಕಾರವಾದರೆ ಎರಡನೆಯದು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ, 2007ರ ಕಾಯ್ದೆಯಿಂದ ಬಂದದ್ದು. ಕರ್ನಾಟಕ ಅದರ ಕೊಚ್ಚಿ ಪೀಠಕ್ಕೆ ಸೇರಿದೆ. ಬೀದರಿನ ಹಳ್ಳಿಯವನೊಬ್ಬ ನಕಾಶೆ ತೆಗೆದು ಕೊಚ್ಚಿ ಎಲ್ಲಿದೆ ನೋಡಲಿ. ಗೆದ್ದ ಮೇಲೂ ಮುಗಿಯುವುದಿಲ್ಲ, ಸರ್ಕಾರ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ತೀರ್ಮಾನವಾದ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೆದಕಲು ನಮ್ಮ ತೆರಿಗೆ ದುಡ್ಡಿನಲ್ಲಿ ವಕೀಲರು. (ಬಿಎಸ್‌ಎಫ್, ಸಿಆರ್‌ಪಿಎಫ್‌ನವರಿಗೆ ಈ ನ್ಯಾಯಮಂಡಳಿಯೂ ಇಲ್ಲ, ಅವರ ದಾರಿ ಬೇರೆ.)

ದುಡ್ಡಿನ ಲೆಕ್ಕವೂ ಇರಲಿ. ಪೂರ್ತಿ ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30. ಕೊನೆಯ ವೇತನ 40,000 ಅಂದುಕೊಂಡರೆ ಶೇ 20 ಅಂಗವೈಕಲ್ಯಕ್ಕೆ ತಿಂಗಳಿಗೆ 2,400. ಆದರೆ ಶೇ 20ರಿಂದ 49ರವರೆಗೆ ಇದ್ದರೆ ಅದನ್ನು 50 ಅಂತ ಹಿಡಿಯಬೇಕು, ಅವಧಿ ಮುಗಿಸಿ ನಿವೃತ್ತರಾದವರಿಗೂ ಇದು ಅನ್ವಯ ಅಂತ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಾಗಿದೆ. ಆಗ 6,000. ತಡಮಾಡಿ ಹೋದವರಿಗೆ ಹಿಂಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದು ಮಾತ್ರ, ಆದ್ದರಿಂದ ಕೂತು ಯೋಚಿಸಿದ ಪ್ರತಿ ತಿಂಗಳೂ ನಷ್ಟ.

2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಕಾಯಿಲೆಯೊಂದಿಗೇ ಸೇವೆ ಮುಗಿಸಿ ನಿವೃತ್ತರಾಗುವವರಿಗೆ ಕೊಡುವುದರ ಹೆಸರೇ ಈಗ ‘ಪರಿಹಾರ’. ಅಗ್ನಿವೀರರಿಗೆ ಪಿಂಚಣಿಯೇ ಇಲ್ಲ. ಅಂಗವೈಕಲ್ಯ ಶೇ 50, 75, 100 ಅಂತ ನೋಡಿ 15, 25, 44 ಲಕ್ಷ ಒಮ್ಮೆಗೆ, ಅದೂ ಸೇವೆಯಿಂದ ಆದದ್ದು ಅಂತ ಬೋರ್ಡು ಒಪ್ಪಿದರೆ. ಅಂದರೆ ಈಗ ಊರ ರಸ್ತೆಯಲ್ಲಿ ಬೆಳಗ್ಗೆ ಓಡುತ್ತಿರುವ ಹುಡುಗರಿಗೂ ಇದೇ ಒಂದು ಸಾಲು ಕಾದಿದೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವರಿದ್ದರೆ ಮೊದಲು ಮೆಡಿಕಲ್ ಬೋರ್ಡಿನ ಪೂರ್ತಿ ಪ್ರತಿ ತರಿಸಿ. ಕೊಡದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಎಲ್ಲೆಲ್ಲಿ ಪೋಸ್ಟಿಂಗ್ ಇತ್ತು, ಯಾವ ಮಿಲಿಟರಿ ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದರು, ಚೀಟಿಗಳನ್ನೆಲ್ಲ ಟ್ರಂಕಿನಿಂದ ಹೊರತೆಗೆದು ಫೋಟೋ ಹಿಡಿದಿಡಿ. ಭರ್ತಿಯ ದಿನದ ವೈದ್ಯಕೀಯ ದಾಖಲೆಯನ್ನೂ ಬಿಡದೆ ಕೇಳಿ, 5 ಸೆಂಟಿಮೀಟರ್ ಹಿಗ್ಗಿದ ಆ ಎದೆಯ ಲೆಕ್ಕ ಇರುವುದು ಅದರಲ್ಲೇ.