ಹಾರಿಸಿದ ಮಾತ್ರಕ್ಕೆ ಮುಗೀತಾ ಸ್ವಾಮಿ?

"ರಾಕೆಟ್ ಹಾರಿ ಮೂರು ವಾರ ಆಯ್ತು. ಇನ್ನೂ ಒಂದು ಫೋಟೋ ಇಲ್ಲ. ಏನ್ ಮಾಡ್ತಾ ಕೂತಿದಾರೆ ಇವ್ರು?"

2025ರ ಆಗಸ್ಟಿನಲ್ಲಿ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ನಿಸಾರ್ ಉಪಗ್ರಹದ ಬಗ್ಗೆ ಕೇಳಿದ ಮಾತಿದು. ಹೇಳಿದವರು ನಮ್ಮ ಮ್ಯಾನೇಜರು. ಅವತ್ತು ನಾನು ಬಾಯಿ ಮುಚ್ಚಿಕೊಂಡು ಊಟ ಮುಗಿಸಿದೆ (ಅಪ್ರೈಸಲ್ ಹತ್ತಿರ ಇತ್ತು :)). ಆದರೆ ಆ ಮಾತು ತಲೆಯಿಂದ ಹೋಗಿಲ್ಲ. ಇವತ್ತು ಹೇಳಿಬಿಡುತ್ತೇನೆ.

ನಿಸಾರ್ ಹಾರಿದ್ದು 2025ರ ಜುಲೈ 30ರಂದು, ಶ್ರೀಹರಿಕೋಟಾದಿಂದ. ಮೊದಲ 90 ದಿನ ಪರೀಕ್ಷೆಗೇ ಮೀಸಲು ಅಂತ ಮೊದಲೇ ಹೇಳಿದ್ದರು. ಯಾಕೆ ಗೊತ್ತಾ? ಅದರ ಆಂಟೆನಾ 12 ಮೀಟರ್ ಅಗಲದ ಬಲೆ. ಅಷ್ಟು ದೊಡ್ಡದು ರಾಕೆಟ್ಟಿನ ತಲೆಯೊಳಗೆ ಹಿಡಿಸೋಲ್ಲ, ಅದಕ್ಕೆ ಕೊಡೆಯ ಹಾಗೆ ಮಡಚಿ ಇಟ್ಟಿದ್ದರು. ಮೇಲೆ ಹೋದ ಮೇಲೆ 9 ಮೀಟರ್ ಉದ್ದದ ತೋಳು ಒಂದೊಂದೇ ಕೀಲು ಬಿಚ್ಚಿಕೊಂಡು ಚಾಚಬೇಕು. ಅದರ ತುದಿಯಲ್ಲಿ ಕೊಡೆ ಅರಳಬೇಕು. ಅರಳಿದ್ದು ಆಗಸ್ಟ್ 15ಕ್ಕೆ. ಆಮೇಲೆ ನಾಸಾದ ಎಲ್-ಬ್ಯಾಂಡ್ ರಾಡಾರ್, ಇಸ್ರೋದ ಎಸ್-ಬ್ಯಾಂಡ್ ರಾಡಾರ್ ಎರಡನ್ನೂ ಪರೀಕ್ಷೆ ಮಾಡಬೇಕು. ಅಂದರೆ ನಮ್ಮ ಸಾಹೇಬರು ಫೋಟೋ ಕೇಳುವ ಹೊತ್ತಿಗೆ ಕೊಡೆ ಬಿಚ್ಚಿ ಒಂದು ವಾರವೂ ಆಗಿರಲಿಲ್ಲ!

"ಸರಿ, ಅದನ್ನೆಲ್ಲ ನೆಲದ ಮೇಲೇ ಪರೀಕ್ಷಿಸಬಹುದಿತ್ತಲ್ಲ?" ಅನ್ನುತ್ತೀರಿ. ಪರೀಕ್ಷಿಸಿರುತ್ತಾರೆ. ಆದರೆ ರಾಕೆಟ್ಟಿನ ನಡುಕ, ನಿರ್ವಾತ, ಬಿಸಿಲು-ನೆರಳಿನ ಕಾವು-ಚಳಿ, ಭಾರವೇ ಇಲ್ಲದ ಸ್ಥಿತಿ, ಇವೆಲ್ಲ ಒಟ್ಟಿಗೆ ಸಿಗುವುದು ಮೇಲೆ ಮಾತ್ರ. ಅದೂ ಅಲ್ಲದೆ ನಿಸಾರ್ ಹುಡುಕುವುದು ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಜರುಗಿದ್ದನ್ನು. ಗುಡ್ಡ ಜರುಗಿತೋ, ಯಂತ್ರದ ಲೆಕ್ಕ ತಪ್ಪಿತೋ ಅಂತ ಗೊತ್ತಾಗದಿದ್ದರೆ ಆ ಫೋಟೋ ತಗೊಂಡು ಏನು ಮಾಡೋದು? ಗೋಡೆಗೆ ನೇತುಹಾಕೋದಾ?

ಹಬಲ್ ದೂರದರ್ಶಕದ ಕತೆ ನೆನಪಿಸಿಕೊಳ್ಳಿ. 1990ರ ಏಪ್ರಿಲ್‌ನಲ್ಲಿ ಹಾರಿತು. ಜೂನ್ ಹೊತ್ತಿಗೆ ಗೊತ್ತಾಯ್ತು, 2.4 ಮೀಟರ್ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್‌ನಷ್ಟು ಹೆಚ್ಚು ಚಪ್ಪಟೆ. ಕಾರಣ ಕೇಳಿದರೆ ನಗಬೇಕೋ ಅಳಬೇಕೋ. ಕನ್ನಡಿಯನ್ನು ಅಳೆಯುವ ಉಪಕರಣದಲ್ಲೇ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಬೇರೆ ಪರೀಕ್ಷೆಗಳು "ಏನೋ ಎಡವಟ್ಟಾಗಿದೆ" ಅಂತ ಹೇಳಿದ್ದವು. ಆ ಉಪಕರಣಗಳು ಅಷ್ಟು ನಿಖರವಲ್ಲ ಅಂತ ಬದಿಗೆ ಸರಿಸಿದರು. ದೂರದರ್ಶಕವನ್ನು ಪೂರ್ತಿ ಜೋಡಿಸಿ ಪರೀಕ್ಷಿಸುವುದು ದುಬಾರಿ ಅಂತ ಅದನ್ನೂ ಬಿಟ್ಟರು. ಕೊನೆಗೆ 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳೇ ಹೋಗಿ ರಿಪೇರಿ ಮಾಡಬೇಕಾಯ್ತು. ಆ ರಿಪೇರಿಯಾದರೂ ಆಗಿದ್ದು ಹೇಗೆ? ದೋಷ ಎಷ್ಟಿದೆ ಅಂತ ಕರಾರುವಾಕ್ಕಾಗಿ ಅಳೆದದ್ದರಿಂದ. ಪರೀಕ್ಷೆಯನ್ನು ಬಿಟ್ಟು ಕೆಟ್ಟಿತು, ಪರೀಕ್ಷೆ ಮಾಡಿಯೇ ಬದುಕಿತು.

ಇನ್ನು ನಮ್ಮ ಮನೆ ದೋಸೆ ತೂತು. ಎರಡು ವರ್ಷದ ಹಿಂದೆ ನಮ್ಮ ತಂಡ ಒಂದು ಸಂಬಳದ ಸಾಫ್ಟ್‌ವೇರ್ ಮಾಡಿತ್ತು. ಹಳೇ ಪದ್ಧತಿಯ ಜೊತೆಗೇ ಒಂದು ತಿಂಗಳು ಓಡಿಸಿ ಲೆಕ್ಕ ತಾಳೆ ನೋಡಬೇಕು ಅಂತಿತ್ತು. "ಟೈಮ್ ಇಲ್ಲ, ಶುಕ್ರವಾರ ಲೈವ್" ಅಂದರು. ನಾನೂ ಸಹಿ ಹಾಕಿದೆ. ಮುಂದಿನ ತಿಂಗಳು ಕ್ಲೈಂಟ್ ಆಫೀಸಿನ ಗೇಟಿನಲ್ಲಿ ಸೆಕ್ಯುರಿಟಿಯವರೊಬ್ಬರು ತಡೆದು, "ಸಾರ್, ಈ ಸಲ ನೈಟ್ ಡ್ಯೂಟಿ ದುಡ್ಡು ಬಂದಿಲ್ಲ. ಮಗಳ ಫೀಸ್ ಕಟ್ಬೇಕಿತ್ತು, ಸ್ವಲ್ಪ ನೋಡ್ತೀರಾ?" ಅಂದರು. ರಾತ್ರಿ ಹನ್ನೆರಡು ದಾಟಿದ ಪಾಳಿಯನ್ನೆಲ್ಲ ನಮ್ಮ ಪ್ರೋಗ್ರಾಂ ಸೊನ್ನೆ ಗಂಟೆ ಅಂತ ಲೆಕ್ಕ ಹಾಕಿತ್ತು. ಒಂದು ತಿಂಗಳು ತಾಳೆ ನೋಡಿದ್ದರೆ ಮೊದಲ ದಿನವೇ ಸಿಗುತ್ತಿತ್ತು. ಮ್ಯಾನೇಜರನ್ನು ಬೈಯೋದು ಸುಲಭ, ಆ ಕಾಗದದ ಮೇಲೆ ಇದ್ದ ಸಹಿ ನಂದು.

ಅದಕ್ಕೇ ಹೇಳೋದು, ರಾಕೆಟ್ ಹಾರಿದಾಗ ಚಪ್ಪಾಳೆ ತಟ್ಟಿ, ಬೇಡ ಅನ್ನಲ್ಲ. ಆಮೇಲೆ ತಿಂಗಳುಗಟ್ಟಲೆ ಪರದೆ ಮುಂದೆ ಕೂತು ಒಂದೊಂದೇ ಸ್ವಿಚ್ ಹಾಕಿ ನೋಡುವವರನ್ನು "ಏನ್ ಮಾಡ್ತಾ ಕೂತಿದಾರೆ" ಅನ್ನಬೇಡಿ. ಅವರು ಮಾಡುತ್ತಿರುವುದು ನಾನು ಮಾಡದೇ ಬಿಟ್ಟ ಕೆಲಸ.

ಮ್ಯಾನೇಜರು ಇದನ್ನು ಓದಿದರೆ... ಓದಲಿ ಬಿಡಿ. ಮುಂದಿನ ಸಲ ಸಹಿ ಕೇಳಿದಾಗ ಇದೇ ಉತ್ತರ.